ಮುಂಬಾಗಿಲ ಸ್ಥಳಪುರಾಣ

ಬಸವನಗುಡಿಯನ್ನು ನಾನು ಚೆನ್ನಾಗಿ ಬಲ್ಲೆನೆಂದು ಇಪ್ಪತ್ತು ವರ್ಷಗಳಿಂದ ತಿಳಿದುಕೊಂಡಿದ್ದೆ. ಪುಸ್ತಕ ಕೊಳ್ಳುವುದಕ್ಕೆ, ಸಭೆಗಳಲ್ಲಿ ಭಾಷಣ ಕೇಳುವುದಕ್ಕೆ, ಒಮ್ಮೊಮ್ಮೆ ಭಾಷಣ ಮಾಡುವುದಕ್ಕೆ, ಹಬ್ಬದ ಮುನ್ನಾದಿನ ಹೂವು ಹಣ್ಣು ತರುವುದಕ್ಕೆ ಅಲ್ಲಿಗೆ ಹೋಗದ ತಿಂಗಳೇ ಇಲ್ಲ. ಆದರೆ ಶುಲ್ಕ ತೆತ್ತು, ಹೆಸರು ಬರೆಸಿ, ಗುಂಪಿನಲ್ಲಿ ಒಬ್ಬನಾಗಿ, ಇನ್ನೊಬ್ಬರು ಕೈ ತೋರಿದ ಕಡೆ ಕತ್ತೆತ್ತಿ ನೋಡುತ್ತ ಆ ಬೀದಿಗಳನ್ನು ಸುತ್ತಿದ್ದು ಕಳೆದ ಮಾಗಿಯಲ್ಲೇ ಮೊದಲು. ಕಾಲೇಜಿನ ಕನ್ನಡ ಐಚ್ಛಿಕ ತರಗತಿಯ ಆರು ಮಂದಿ ವಿದ್ಯಾರ್ಥಿಗಳೂ ಜೊತೆಗಿದ್ದರು. ಅವರನ್ನು ಕರೆದೊಯ್ಯಬೇಕೆಂಬುದು ನನ್ನದೇ ಉತ್ಸಾಹ. ಊರು ನೋಡುವುದೂ ಓದಿನ ಒಂದು ಭಾಗವೆಂದು ತರಗತಿಯಲ್ಲಿ ಬಹಳ ದಿನದಿಂದ ಹೇಳುತ್ತ ಬಂದಿದ್ದೆ. ಹೇಳಿದ ಮಾತನ್ನು ಒಂದು ಸಲವಾದರೂ ನಡೆಸಬೇಡವೆ?

ಇಂಥ ‘ಪಾರಂಪರಿಕ ನಡಿಗೆ’ಗಳು ನಮ್ಮ ನಗರಗಳಲ್ಲಿ ಈಗ ಹೊಸತೇನಲ್ಲ. ಮೈಸೂರಿನಲ್ಲಿ ದಸರೆಯ ಸಮಯದಲ್ಲಿ ನಡೆಯುತ್ತವೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಬಸವನಗುಡಿ, ಮಲ್ಲೇಶ್ವರ, ಪೇಟೆಯ ಬೀದಿಗಳಲ್ಲಿ ಇಪ್ಪತ್ತು ಮೂವತ್ತು ಜನರ ಗುಂಪೊಂದು ಟೋಪಿ, ನೀರಿನ ಬಾಟಲಿಗಳೊಡನೆ ಹಳೆಯ ಮನೆಯೊಂದರ ಮುಂದೆ ನಿಂತಿದ್ದರೆ, ಅದು ಅದೇ. ದಾರಿಹೋಕರು ಮೊದಮೊದಲು ಸಾವಿನ ಮನೆಯೇನೋ ಎಂದು ಗಾಬರಿಪಡುತ್ತಿದ್ದರಂತೆ, ಈಗ ಅಭ್ಯಾಸವಾಗಿದೆ. ಇದರ ಬಗ್ಗೆ ಪತ್ರಿಕೆಗಳಲ್ಲಿ ಬರುವುದೆಲ್ಲ ಸುದ್ದಿ, ಚಿತ್ರ, ಹೊಗಳಿಕೆ. ವಿಮರ್ಶೆ ಬಂದುದನ್ನು ನಾನು ಕಾಣೆ. ನಾಟಕಕ್ಕೆ ವಿಮರ್ಶೆಯುಂಟು, ಗಮಕಕ್ಕೆ ಉಂಟು, ಹರಿಕಥೆಗೂ ಉಂಟು. ಎರಡೂವರೆ ಗಂಟೆಯ ಕಾಲ ಒಬ್ಬರು ನಿರೂಪಿಸಿ ಮೂವತ್ತು ಮಂದಿ ಕೇಳುವ ಈ ಪ್ರಕಾರಕ್ಕೆ ಮಾತ್ರ ಏಕಿಲ್ಲ? ಇದೂ ಒಂದು ಕೃತಿಯೇ. ಇದಕ್ಕೆ ಪೀಠಿಕೆಯಿದೆ, ಕಥನಕ್ರಮವಿದೆ, ನಾಯಕರಿದ್ದಾರೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯಿದೆ. ಆಯ್ಕೆಯಿರುವ ಕಡೆ ವಿಮರ್ಶೆಗೆ ಅವಕಾಶವೂ ಇದೆಯೆಂಬ ಧೈರ್ಯದಿಂದ ಈ ನಾಲ್ಕು ಮಾತು.

ನಮ್ಮ ದೇಶದಲ್ಲಿ ಈ ಪ್ರಕಾರಕ್ಕೆ ಹಳೆಯ ಹೆಸರೊಂದಿದೆ: ಸ್ಥಳಪುರಾಣ. ಕ್ಷೇತ್ರಕ್ಕೆ ಬಂದ ಯಾತ್ರಿಕನನ್ನು ಅರ್ಚಕರೋ ಊರಿನ ಹಿರಿಯರೋ ಸುತ್ತಿಸುತ್ತ, ಈ ಕಲ್ಲು ಇಂಥ ಋಷಿ ಕುಳಿತದ್ದು, ಈ ಕೊಳ ಇಂಥವರ ಪಾಪ ತೊಳೆದದ್ದು ಎಂದು ಹೇಳುತ್ತಿದ್ದರಷ್ಟೆ. ಕೊನೆಗೊಂದು ಫಲಶ್ರುತಿ. ನಾನು ಸೇರಿದ ನಡಿಗೆಯೂ ಅಂಗಾಂಗಗಳಲ್ಲಿ ಇದನ್ನೇ ಹೋಲುತ್ತಿತ್ತು. ಬ್ಯೂಗಲ್ ರಾಕಿನ ಬಂಡೆಯ ಮೇಲೆ ಮಂಗಳಾಚರಣೆ, ದೊಡ್ಡಬಸವನ ಮುಂದೆ ಉತ್ಪತ್ತಿಯ ಕಥೆ, ಬೀದಿಬೀದಿಯಲ್ಲಿ ಮಹಾಪುರುಷರ ಚರಿತೆ, ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆಯ ಫಲಶ್ರುತಿ. ೧೯೪೩ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ಮುಂದೆ ಆ ಹೊತ್ತಿನಲ್ಲಿ ನಿಂತಿದ್ದ ಜನಸಂದಣಿಯನ್ನು ಕಂಡರೆ, ಈ ಕಾಲದಲ್ಲಿಯೂ ಫಲಶ್ರುತಿಯಲ್ಲಿ ಜನರಿಗೆ ನಂಬಿಕೆ ಕುಂದಿಲ್ಲವೆಂದೇ ಹೇಳಬೇಕು.

ಮೊದಲು ಗುಣವನ್ನು ಹೇಳೋಣ. ನಮ್ಮ ಮಾರ್ಗದರ್ಶಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ವಾಸ್ತುಶಿಲ್ಪ ಓದಿದವರು. ಕಟ್ಟಡವನ್ನು ನೋಡುವ ಕಣ್ಣು ಅವರಿಗೆ ನಿಜವಾಗಿಯೂ ಇತ್ತು. ಮನೆಯ ಮುಂಚಾಚಿನ ಮೇಲೆ ಮೊನಚಾಗಿ ನಿಂತ ಮರದ ಪಟ್ಟಿಗಳ ಆ ಕುಸುರಿಗೆ, ಬೆಂಗಳೂರಿಗರು ಮಂಕಿ ಟಾಪ್ ಎನ್ನುವ ಅದಕ್ಕೆ, ಮಳೆಯ ಇರಿಚಲನ್ನೂ ಬಿಸಿಲನ್ನೂ ತಡೆಯುವ ಕೆಲಸ ಹೇಗೆ ಒಪ್ಪಿಸಿದ್ದಾರೆಂದು ಅವರು ತೋರಿಸಿಕೊಟ್ಟ ಮೇಲೆ, ನಾನು ನೂರು ಸಲ ದಾಟಿದ ಮನೆಯೊಂದು ಹೊಸದಾಗಿ ಕಂಡಿತು. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕುವ ಮದ್ರಾಸ್ ತಾರಸಿ, ಕೆಂಪು ನೆಲ, ಮಂಗಳೂರು ಹೆಂಚು, ಜಗುಲಿಯ ಕಂಬ, ಒಂದೊಂದರಲ್ಲೂ ಅವರಿಗೆ ಪ್ರೀತಿ. ನೆಲಸಮವಾದ ಮನೆಯೊಂದರ ಖಾಲಿ ನಿವೇಶನದ ಮುಂದೆ ಮಾತು ನಿಲ್ಲಿಸಿ ಮೊಬೈಲಿನಲ್ಲಿ ಅದರ ಹಳೆಯ ಚಿತ್ರ ತೋರಿಸಿದರು; ಆ ಮೌನ ಒಳ್ಳೆಯ ನಟನೊಬ್ಬನ ಮೌನದಂತಿತ್ತು. ಬಸವನ ಕಥೆಯನ್ನಂತೂ ಸೊಗಸಾಗಿ ಹೇಳಿದರು: ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲವನ್ನು ರಾತ್ರಿ ರಾತ್ರಿ ಮೇಯುತ್ತಿದ್ದ ಗೂಳಿ, ಅದು ಕಲ್ಲಾದದ್ದು, ಅದಕ್ಕೆ ಕೆಂಪೇಗೌಡರು ಗುಡಿ ಕಟ್ಟಿಸಿದ್ದು, ಕಾರ್ತಿಕ ಮಾಸದ ಕೊನೆಯ ಸೋಮವಾರ ಇಂದಿಗೂ ನಡೆಯುವ ಪರಿಷೆ. ಎಲ್ಲವೂ ಇಂಗ್ಲಿಷಿನಲ್ಲಿ. ನನ್ನ ವಿದ್ಯಾರ್ಥಿಗಳ ಮುಖ ನೋಡಿ ನಡುನಡುವೆ ಕನ್ನಡಕ್ಕೂ ಇಳಿಯುತ್ತಿದ್ದರು. ‘ಇಳಿಯುತ್ತಿದ್ದರು’ ಎಂಬ ಕ್ರಿಯಾಪದ ನನ್ನ ಲೇಖನಿಯಿಂದ ತಾನಾಗಿ ಬಂತು, ಇರಲಿ. ಆ ವಿಷಯದಲ್ಲಿ ಅವರ ಮೇಲೆ ನನಗೆ ದೂರಿಲ್ಲ. ಶುಲ್ಕ ಕೊಡುವವರ ಭಾಷೆಯಲ್ಲಿ ಅವರು ಮಾತಾಡುತ್ತಾರೆ.

ನನ್ನ ದೂರು ಬೇರೆ. ಬಸವನಗುಡಿಯನ್ನು ತೋರಿಸುವ ನಡಿಗೆ ಎರಡೂವರೆ ಗಂಟೆಯಲ್ಲಿ ಬಸವನಗುಡಿ ಏನೆಂಬುದನ್ನು ಹೇಳಲಿಲ್ಲ.

ಬಸವನಗುಡಿ ತಾನಾಗಿ ಬೆಳೆದ ಊರಲ್ಲ. ಅದು ಗೆರೆ ಎಳೆದು ಹುಟ್ಟಿಸಿದ ಬಡಾವಣೆ. ಹಳಬರ ಬಾಯಲ್ಲಿ ಎಕ್ಸ್‌ಟೆನ್ಷನ್. ಗೆರೆ ಎಳೆದ ಕೈಯ ಹಿಂದೆ ಇದ್ದದ್ದು ಸೌಂದರ್ಯಪ್ರಜ್ಞೆಗಿಂತ ಮಿಗಿಲಾಗಿ ಭಯ. ೧೮೯೬ರಲ್ಲಿ ಬೊಂಬಾಯಿಯನ್ನು ಹೊಕ್ಕ ಪ್ಲೇಗು ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಿನ ಓಣಿಗಳಲ್ಲಿ ಇಲಿ ಬೀಳುತ್ತಿದ್ದಂತೆ ಮನುಷ್ಯರೂ ಬಿದ್ದರು. ಜನ ಊರು ಬಿಟ್ಟರು. ಬಯಲಿನಲ್ಲಿ ಗುಡಿಸಲು ಹಾಕಿದರು. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಊರಿನ ದಕ್ಷಿಣಕ್ಕೆ ಬಸವನಗುಡಿಯನ್ನೂ ವಾಯವ್ಯಕ್ಕೆ ಮಲ್ಲೇಶ್ವರವನ್ನೂ ಅಳೆದು ಹಾಕಿದ್ದು ಈ ಹಿನ್ನೆಲೆಯಲ್ಲಿ. ಚಾಮರಾಜಪೇಟೆ, ಶೇಷಾದ್ರಿಪುರಗಳು ೧೮೯೨ರ ವೇಳೆಗೇ ಹುಟ್ಟಿದ್ದುವು. ಆದರೆ ಅಗಲವಾದ ಬೀದಿ, ಗಾಳಿ ಬೆಳಕು, ಮನೆಗೂ ಮನೆಗೂ ನಡುವೆ ಬಿಡುವು, ಇವು ಚೆಲುವಿನ ಮಾತಾಗಿರದೆ ಬದುಕಿ ಉಳಿಯುವ ಮಾತಾದದ್ದು ಪ್ಲೇಗಿನ ಅನಂತರ. ನಾವು ಇಂದು ‘ಆಹಾ, ಎಂಥ ಪ್ರಶಾಂತ ಬೀದಿ’ ಎನ್ನುವ ಬೀದಿಯ ಅಗಲವನ್ನು ನಿರ್ಧರಿಸಿದವರಲ್ಲಿ ಒಬ್ಬ ಇಲಿಯೂ ಇದ್ದಾನೆ.

ಇದು ನಡಿಗೆಯಲ್ಲಿ ಬರಲೇ ಇಲ್ಲವೆಂದರೆ ತಪ್ಪಾಗುತ್ತದೆ. ಒಂದು ವಾಕ್ಯದಲ್ಲಿ ಬಂತು. ಆ ವಾಕ್ಯ ಮುಗಿಯುವುದರೊಳಗೆ ನಾವು ರಸ್ತೆ ದಾಟಿದ್ದೆವು.

ಬೀದಿಗಳೇ ಬಾಯಿಬಿಟ್ಟು ಹೇಳುತ್ತಿದ್ದರೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂಬುದು ನನ್ನ ಅಸಮಾಧಾನ. ಬಸವನಗುಡಿಯಲ್ಲಿ ಸರ್ವೇಯರ್ ಸ್ಟ್ರೀಟ್ ಎಂಬುದೊಂದಿದೆ. ಸರಪಳಿ ಹಿಡಿದು ಹೊಲ ಅಳೆದವನ ಹೆಸರು ಬೀದಿಗೆ ನಿಲ್ಲುವುದು ನಮ್ಮಲ್ಲಿ ಎಷ್ಟು ಅಪರೂಪ! ಪಕ್ಕದ ವಿಶ್ವೇಶ್ವರಪುರದಲ್ಲಿ ಡಯಾಗನಲ್ ರಸ್ತೆಯಿದೆ. ಯಾವ ಪುಣ್ಯಪುರುಷನ ಹೆಸರೂ ಅಲ್ಲ, ರೇಖಾಗಣಿತದ ಹೆಸರು. ಊರು ತಾನು ಕಾಗದದ ಮೇಲೆ ಹುಟ್ಟಿದ್ದೆಂದು ಒಪ್ಪಿಕೊಳ್ಳುವ ಗಳಿಗೆಗಳು ಇವು. ದಿವಾನ್ ಮಾಧವರಾವ್ ವೃತ್ತದಲ್ಲಿ ನಾವು ನಿಂತೆವು. ವಿ. ಪಿ. ಮಾಧವರಾಯರು ತಿರುವಾಂಕೂರು, ಮೈಸೂರು, ಬರೋಡಾ ಮೂರೂ ಸಂಸ್ಥಾನಗಳಿಗೆ ದಿವಾನರಾಗಿದ್ದವರೆಂದು ಕೇಳಿ ಎಲ್ಲರೂ ತಲೆದೂಗಿದರು. ಆದರೆ ಅವರು ೧೮೯೮ರಲ್ಲಿ ಮೈಸೂರು ಸಂಸ್ಥಾನದ ಪ್ಲೇಗ್ ಕಮಿಷನರಾಗಿದ್ದರೆಂಬುದು, ಆ ವೃತ್ತದಲ್ಲಿ ನಿಂತು ಹೇಳಬೇಕಾಗಿದ್ದ ಒಂದೇ ಒಂದು ಮಾತು, ಬರಲಿಲ್ಲ. ಪದವಿ ಉಳಿಯಿತು, ಕೆಲಸ ಬಿಟ್ಟುಹೋಯಿತು.

ಪದವಿಗಳ ಪಟ್ಟಿಯೇನೋ ದೊಡ್ಡದು. ಬ್ಯೂಗಲ್ ರಾಕಿನಲ್ಲಿ ಡಿ.ವಿ.ಜಿ.ಯವರ ಪ್ರತಿಮೆ, ೧೯೪೫ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ. ಪಿ. ವಾಡಿಯಾ ಅವರಿಂದ ಆರಂಭವಾದ ವಿಶ್ವ ಸಂಸ್ಕೃತಿ ಸಂಸ್ಥೆ, ಗವಿಪುರದಲ್ಲಿ ಮಾಸ್ತಿಯವರ ಮನೆ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳು ಕಳೆದ ಎಚ್. ನರಸಿಂಹಯ್ಯನವರು. ಕನ್ನಡದ ಅಧ್ಯಾಪಕನಾದ ನನಗೆ ಇವರ ಹೆಸರು ಕೇಳಿದರೆ ಸಂತೋಷವಾಗದೆ ಇದ್ದೀತೆ? ಆಯಿತು. ಆದರೆ ಮಹಾಪುರುಷರನ್ನು ಆರಿಸುವುದರಲ್ಲಿಯೂ ಒಂದು ಜಾಡು ಇತ್ತು. ಗಾಂಧಿ ಬಜಾರನ್ನು ಕನ್ನಡ ಕಾವ್ಯದ ನಕ್ಷೆಯಲ್ಲಿ ಕೂಡಿಸಿದವರು ಕೆ. ಎಸ್. ನಿಸಾರ್ ಅಹಮದ್, ೧೯೬೦ರಲ್ಲಿ ಬಂದ ಅವರ ಮೊದಲ ಸಂಕಲನದ ಹೆಸರೇ ‘ಮನಸು ಗಾಂಧಿ ಬಜಾರು’. ಆ ಬಜಾರಿನ ನಡುವೆ ನಿಂತು ಅವರ ಹೆಸರು ಎತ್ತಲಿಲ್ಲ. ೧೯೮೦ರಲ್ಲಿ ಹುಟ್ಟಿ ನಾಡಿನ ಮುಖ್ಯಮಂತ್ರಿಗಳ ನಿದ್ದೆಗೆಡಿಸಿದ ಲಂಕೇಶ್ ಪತ್ರಿಕೆ ಪೂರ್ವ ಆಂಜನೇಯ ದೇವಸ್ಥಾನದ ಬೀದಿಯಿಂದ ಹೊರಡುತ್ತಿತ್ತು, ಅದೂ ಇಲ್ಲ. ಮರೆವು ಸಹಜ. ಆದರೆ ಮರೆತದ್ದನ್ನೆಲ್ಲ ಒಂದು ಸಾಲಿನಲ್ಲಿ ಇಟ್ಟು ನೋಡಿದರೆ ಆ ಸಾಲಿಗೂ ಒಂದು ಆಕಾರ ಕಾಣುತ್ತದೆ.

ಇಲ್ಲೊಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿಗೆ ಪ್ಲೇಗು ಬಂದ ೧೮೯೮ರಲ್ಲೇ ಇಂಗ್ಲೆಂಡಿನಲ್ಲಿ ಎಬನೀಜರ್ ಹೋವರ್ಡ್ ಎಂಬ ಶೀಘ್ರಲಿಪಿಕಾರ ಉದ್ಯಾನನಗರದ ಕಲ್ಪನೆಯನ್ನು ವಿವರಿಸುವ ತನ್ನ ಪುಸ್ತಕವನ್ನು ಹೊರತಂದ. ೧೯೦೩ರಲ್ಲಿ ಲೆಚ್‌ವರ್ತ್ ಎಂಬ ಊರು ಆ ನಕ್ಷೆಯಂತೆ ಏಳತೊಡಗಿತು. ಅವನಿಗೂ ನಮಗೂ ಏನೂ ಸಂಬಂಧವಿಲ್ಲ. ಆದರೆ ೧೯೧೪ರಲ್ಲಿ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡೀಸ್ ಎಂಬ ಇನ್ನೊಬ್ಬ ಊರುಗಾರಿಕೆಯ ಪಂಡಿತನಿಗೆ ಸಂಬಂಧವುಂಟು. ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಮೇಲೆ ಆತ ವರದಿ ಬರೆದಿದ್ದಾನೆ. ಊರನ್ನು ತಿದ್ದುವ ಮೊದಲು ಅದರ ಓಣಿ ಓಣಿಯಲ್ಲಿ ನಡೆಯಬೇಕೆಂಬುದು ಆತನ ಹಟ. ಇಂದೂರಿನಲ್ಲಿ ಪ್ಲೇಗಿನ ವಿರುದ್ಧ ಇಲಿಯ ಪ್ರತಿಮೆಯನ್ನಿಟ್ಟು ದೀಪಾವಳಿಯ ಮೆರವಣಿಗೆ ತೆಗೆಸಿ, ಬೀದಿಗಳನ್ನು ಜನರ ಕೈಯಿಂದಲೇ ಗುಡಿಸಿಸಿದ ಮನುಷ್ಯ. ಮೆರವಣಿಗೆ ಎಲ್ಲಿಂದ ಹಾಯುತ್ತದೆಂಬುದರ ಮೇಲೆ ಮನೆಯ ಮುಂದಿನ ಕಸ ಮಾಯವಾಗುತ್ತದೆಂಬ ಲೋಕರಹಸ್ಯವನ್ನು ಆತ ಚೆನ್ನಾಗಿ ತಿಳಿದಿದ್ದ. ನಡಿಗೆ ಯಾವ ದಾರಿ ಹಿಡಿಯುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ನಮ್ಮ ನಡಿಗೆ ಯಾವ ದಾರಿ ಹಿಡಿಯಲಿಲ್ಲವೆಂಬುದಕ್ಕೆ ಈಗ ಬರುತ್ತೇನೆ.

ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯಲ್ಲಿ ಮನೆಗಳಿಗೆ ಎರಡು ಮುಖ. ಮುಂದೆ ಬೀದಿ. ಹಿಂದೆ, ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಕಿರಿದಾದ ಓಣಿ. ‘ಕನ್ಸರ್ವೆನ್ಸಿ’ ಎಂದರೆ ಹಳೆಯ ಬಡಾವಣೆಯವರಿಗೆ ಗೊತ್ತು. ಹೆಸರಘಟ್ಟದ ಕೆರೆಯಿಂದ ೧೮೯೬ರಲ್ಲೇ ನಗರಕ್ಕೆ ನೀರು ಬಂದಿತ್ತು. ಒಳಚರಂಡಿಯ ಕೆಲಸ ಆರಂಭವಾದದ್ದು ೧೯೨೨ರಲ್ಲಿ. ಅದು ಎಲ್ಲ ಮನೆಗಳನ್ನು ಮುಟ್ಟುವುದಕ್ಕೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಕಕ್ಕಸು ಹಿತ್ತಲಿನ ಕೊನೆಯಲ್ಲಿ. ಅದನ್ನು ಬಳಿಯಲು ಜಾಡಮಾಲಿಗಳು ಬರುತ್ತಿದ್ದದ್ದು ಈ ಓಣಿಯಿಂದ. ಮುಂಬಾಗಿಲಿಗೆ ಅವರ ನೆರಳು ಬೀಳಬಾರದು, ಆದರೆ ಅವರಿಲ್ಲದೆ ಒಂದು ದಿನವೂ ನಡೆಯಬಾರದು. ಈ ಇಕ್ಕಟ್ಟಿಗೆ ಎಂಜಿನಿಯರು ಕಂಡುಕೊಂಡ ಉತ್ತರ ಆ ಓಣಿ. ನೈರ್ಮಲ್ಯಕ್ಕೆಂದು ಹಾಕಿದ ಬಡಾವಣೆಯಲ್ಲಿ ನೈರ್ಮಲ್ಯವೆಂಬುದು ಕೊನೆಗೆ ನಿಂತದ್ದು ಕೆಲವರ ತಲೆಯ ಮೇಲಿನ ಬುಟ್ಟಿಯ ಮೇಲೆ. ಈ ಬಡಾವಣೆಗಳಲ್ಲಿ ನಿವೇಶನಗಳನ್ನೂ ಜಾತಿ ಮತಗಳ ಪ್ರಕಾರ ವಿಂಗಡಿಸಿ ಹಂಚಿದ್ದರೆಂದು ನಗರದ ಚರಿತ್ರೆ ಬರೆದವರು ತಿಳಿಸಿದ್ದಾರೆ. ಪೇಟೆಯ ಓಣಿಗಳಲ್ಲಿ ಕಸುಬಿಗೆ ತಕ್ಕಂತೆ ಜಾತಿಗಳು ತಾವಾಗಿ ಕೂಡಿಕೊಂಡಿದ್ದುವು. ಇಲ್ಲಿ, ಹೊಸ ಶತಮಾನದ ಹೊಸ್ತಿಲಲ್ಲಿ, ಸರ್ಕಾರದ ಅಳತೆಪಟ್ಟಿಯೇ ಅವನ್ನು ಕೂಡಿಸಿತು. ನಕ್ಷೆಯನ್ನು ಓದಬಲ್ಲವರಿಗೆ ಇದು ಕಟ್ಟಡದ ಕುಸುರಿಗಿಂತ ಹೆಚ್ಚಿನ ವಿಷಯವಲ್ಲವೆ?

ನಡಿಗೆಯ ಕೊನೆಯ ಭಾಗದಲ್ಲಿ ಅಂಥದೊಂದು ಓಣಿಯ ಬಾಯಿಯನ್ನು ನಾವು ದಾಟಿದೆವು. ಸ್ಕೂಟರುಗಳು, ಒಡೆದ ಹೂಕುಂಡ, ಒಣಗಿದ ಬಾಳೆ ಎಲೆ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬ, ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು ಬಾಯಿ ಬಿಡದವನು, ಅಲ್ಲಿ ನಿಂತುಬಿಟ್ಟ. “ಮೇಡಂ, ಈ ಗಲ್ಲಿ ಯಾಕೆ ಮಾಡಿದ್ದು?” ಎಂದು ಕನ್ನಡದಲ್ಲೇ ಕೇಳಿದ. ಮಾರ್ಗದರ್ಶಕಿ ತಡಮಾಡದೆ, ಅದು ಸರ್ವೀಸ್ ರಸ್ತೆ, ಮನೆಗಳ ಹಿಂಭಾಗದ ಉಪಯೋಗಕ್ಕೆ ಎಂದರು. ಸುಳ್ಳಲ್ಲ. “ಏನು ಸರ್ವೀಸು ಮೇಡಂ?” ಎಂದ ಅವನು. ಅವರು ಗಡಿಯಾರ ನೋಡಿದರು. ಹೋಟೆಲಿನಲ್ಲಿ ಜಾಗ ಸಿಗುವುದಿಲ್ಲವೆಂದು ನಕ್ಕು ಮುಂದೆ ನಡೆದರು. ಗುಂಪೂ ನಡೆಯಿತು. ಅವನು ನನ್ನ ಮುಖ ನೋಡಿದ. ಉತ್ತರ ನನಗೆ ಗೊತ್ತಿತ್ತು. “ಬಾರಪ್ಪಾ, ಆಮೇಲೆ ಹೇಳ್ತೀನಿ” ಎಂದೆ.

ದೋಸೆಯ ಮುಂದೆ ಕುಳಿತಾಗ ಅವನೇ ಹೇಳಿದ. ಅವನ ಅಜ್ಜಿ, ತಾಯಿಯ ತಾಯಿ, ಹುಡುಗಿಯಾಗಿದ್ದಾಗ ತನ್ನ ತಾಯಿಯೊಡನೆ ಇಂಥ ಓಣಿಗಳಿಗೆ ಕೆಲಸಕ್ಕೆ ಬರುತ್ತಿದ್ದವರು. ಅವನಿಗೆ ಉತ್ತರ ಮೊದಲೇ ಗೊತ್ತಿತ್ತು. ಹೇಳುತ್ತಾರೋ ಇಲ್ಲವೋ ನೋಡೋಣವೆಂದು ಕೇಳಿದ್ದನಂತೆ. ಇದನ್ನು ಹೇಳುವಾಗ ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಮಾರ್ಗದರ್ಶಕಿಯನ್ನು ಆಕ್ಷೇಪಿಸಿ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಆ ದಿನ ಮನೆಗೆ ಬಂದ ಮೇಲೆ ನನಗೆ ಕಾಡಿದ್ದು ಬೇರೆಯೇ. ಹದಿನೆಂಟು ವರ್ಷಗಳಿಂದ ನಾನು ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಾಠ ಹೇಳುತ್ತಿದ್ದೇನೆ. ೧೯೬೫ರಲ್ಲಿ ಬಂದ ಆ ಕಾದಂಬರಿಯಲ್ಲಿ ನಾರಣಪ್ಪ ಸಾಯುವುದು ಪ್ಲೇಗಿನಿಂದ. ಇಲಿಗಳು ಬೀಳುತ್ತವೆ, ಹದ್ದುಗಳು ಇಳಿಯುತ್ತವೆ, ಅಗ್ರಹಾರ ಬರಿದಾಗುತ್ತದೆ. ‘ಪ್ಲೇಗು ಇಲ್ಲಿ ಯಾವುದರ ಸಂಕೇತ?’ ಎಂಬುದು ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆ. ನಾನೇ ಎಷ್ಟೋ ಸಲ ಕೇಳಿದ್ದೇನೆ. ಕೊಳೆತ ಸಂಪ್ರದಾಯದ ಸಂಕೇತ, ನೈತಿಕ ಅಧಃಪತನದ ಸಂಕೇತ ಎಂದು ಬರೆದವರಿಗೆ ಅಂಕ ಕೊಟ್ಟಿದ್ದೇನೆ. ಪ್ಲೇಗು ಪ್ಲೇಗೂ ಆಗಿತ್ತು, ಅದು ಮೈಸೂರು ಸೀಮೆಯಲ್ಲಿ ಊರುಗಳನ್ನು ಬಿಡಿಸಿತು, ಬಡಾವಣೆಗಳನ್ನು ಕಟ್ಟಿಸಿತು, ನಾವು ಕುಳಿತು ಪಾಠ ಕೇಳುವ ಈ ನಗರದ ಬೀದಿಗಳ ಅಳತೆಯನ್ನು ಗೊತ್ತುಮಾಡಿತು ಎಂದು ಒಂದು ದಿನವೂ ಹೇಳಿದವನಲ್ಲ. ಅಗ್ರಹಾರದವರು ಒಂದು ಹೆಣವನ್ನು ಯಾರು ಸುಡಬೇಕೆಂದು ಪುಟಗಟ್ಟಲೆ ತರ್ಕಿಸುತ್ತಿರುವಾಗ, ಹೊಲೆಯರ ಕೇರಿಯಲ್ಲಿ ಸತ್ತವರನ್ನು ಗುಡಿಸಲಿನೊಡನೆಯೇ ಸುಡುವ ಸಂಗತಿ ಕಾದಂಬರಿಯಲ್ಲಿ ಕೆಲವೇ ವಾಕ್ಯಗಳಲ್ಲಿ ಬಂದುಹೋಗುತ್ತದೆ. ಕಾದಂಬರಿಕಾರ ಆ ಕೆಲವು ವಾಕ್ಯಗಳನ್ನಾದರೂ ಬರೆದ. ನಾನು ಅದರ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗು ಸಂಕೇತವಲ್ಲ, ಊರು ಬಿಟ್ಟು ಹೊಲದ ಗುಡಿಸಲಿಗೆ ಹೋಗುವ ಜನ, ಒಂದರ ಹಿಂದೊಂದು ಸಾಯುವ ಮಕ್ಕಳು. ಅದನ್ನು ಓದಿ ನನ್ನ ತಾಯಿ ಅತ್ತದ್ದನ್ನು ಕಂಡಿದ್ದೇನೆ. ವಿಮರ್ಶೆಯ ಪಾಠದಲ್ಲಿ ಅದನ್ನು ‘ವಾಸ್ತವವಾದಿ ಪರಂಪರೆ’ ಎಂಬ ಒಂದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದವನೂ ನಾನೇ.

ಎಂದಮೇಲೆ ಆ ಹೆಣ್ಣುಮಗಳು ಮಾಡಿದ್ದೂ ನಾನು ಮಾಡುತ್ತ ಬಂದದ್ದೂ ಒಂದೇ ಅಲ್ಲವೆ? ಇಬ್ಬರೂ ಮುಂಬೀದಿಯಲ್ಲಿ ಜನರನ್ನು ನಡೆಸುತ್ತಿದ್ದೇವೆ. ಅವರು ಎರಡೂವರೆ ಗಂಟೆ, ನಾನು ಹದಿನೆಂಟು ವರ್ಷ.

ಈ ಓಣಿಗೂ ಕನ್ನಡ ಸಾಹಿತ್ಯಕ್ಕೂ ಗಂಟು ಹಾಕುವ ಒಬ್ಬ ವ್ಯಕ್ತಿ ನಮ್ಮ ನಡುವೆ ಇದ್ದರು. ಎಪ್ಪತ್ತರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದ ಬಿ. ಬಸವಲಿಂಗಪ್ಪನವರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು ಅವರು. ದೇಶದ ಮಟ್ಟದಲ್ಲಿ ಕಾನೂನು ಬರುವುದಕ್ಕೆ ೧೯೯೩ ಆಗಬೇಕಾಯಿತು, ಅದು ಸಾಲದೆ ೨೦೧೩ರಲ್ಲಿ ಇನ್ನೊಂದು ಬೇಕಾಯಿತು. ಅದೇ ಬಸವಲಿಂಗಪ್ಪನವರು ೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸ ಎಂದರು. ಗಲಭೆಯಾಯಿತು, ಕಲ್ಲು ಬಿತ್ತು, ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಸಾಹಿತ್ಯಚರಿತ್ರೆಯ ಪಾಠದಲ್ಲಿ ನಾವು ‘ಬೂಸ ಪ್ರಕರಣ’ವನ್ನು ದಲಿತ ಸಾಹಿತ್ಯದ ಪೀಠಿಕೆಯಾಗಿ ಹೇಳುತ್ತೇವೆ. ಬುಟ್ಟಿಯನ್ನು ಇಳಿಸಿದ ಕೈಯೇ ಆ ಮಾತನ್ನೂ ಆಡಿತೆಂದು ಜೋಡಿಸಿ ಹೇಳುವುದಿಲ್ಲ. ಹಿತ್ತಲ ಓಣಿಯಿಂದ ಊರನ್ನು ನೋಡಿದವರಿಗೆ ಮುಂಬಾಗಿಲ ಕಾವ್ಯ ಹೇಗೆ ಕಂಡೀತೆಂಬುದನ್ನು ಅವರು ಒಂದು ಶಬ್ದದಲ್ಲಿ ಹೇಳಿದರು. ಆ ಶಬ್ದ ನ್ಯಾಯವೋ ಅಲ್ಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ಇಡೀ ಸಾಹಿತ್ಯಕ್ಕೆ ಅದು ಅನ್ವಯಿಸುವುದಿಲ್ಲ. ನನ್ನ ಪಾಠಕ್ಕೆ ಅನ್ವಯಿಸುವುದೆಂದು ಆ ರಾತ್ರಿ ತೋರಿತು.

ಭಾನುವಾರದ ಬೆಳಗನ್ನು ಸಂತೋಷವಾಗಿ ಕಳೆಯಬೇಕೆಂದು ಬಂದವರಿಗೆ ಮಲದ ಬುಟ್ಟಿಯ ಕಥೆ ಏಕೆ ಎಂದು ಕೇಳುವವರಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರೇ ಕೇಳಿದರು. ದೋಸೆಯ ಮುಂಚೆ ಎಂದು ಬೇರೆ ಸೇರಿಸಿದರು. ಸ್ಥಳಪುರಾಣಗಳನ್ನು ಅವರು ಸರಿಯಾಗಿ ಓದಿಲ್ಲವೆನ್ನುವುದಷ್ಟೇ ನನ್ನ ಉತ್ತರ. ಯಾವ ಕ್ಷೇತ್ರದ ಪುರಾಣ ಪಾಪವಿಲ್ಲದೆ ಆರಂಭವಾಗಿದೆ? ಬ್ರಹ್ಮಹತ್ಯೆ, ಗೋಹತ್ಯೆ, ಶಾಪ, ಕುಷ್ಠ, ಇವಿಲ್ಲದ ತೀರ್ಥವಿದೆಯೆ? ಹಳೆಯ ಪೌರಾಣಿಕ ಪಾಪವನ್ನು ಮರೆಸುತ್ತಿರಲಿಲ್ಲ. ಯಾತ್ರಿಕ ಕೊಳದಲ್ಲಿ ಮುಳುಗುವ ಮೊದಲು ಅದನ್ನು ಅವನ ಕಿವಿಗೆ ಹಾಕುತ್ತಿದ್ದ. ಇಂದಿನವರು ಕೊಳವನ್ನು ಮಾತ್ರ ತೋರಿಸುತ್ತಾರೆ. ದೊಡ್ಡಬಸವನ ಕಥೆಯನ್ನೇ ನೋಡಿ. ಅದು ಹೊಲ ಕಳೆದುಕೊಂಡ ರೈತರ ಕಥೆ. ಸುಂಕೇನಹಳ್ಳಿಯಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರೆಂಬುದಕ್ಕೆ ಇಂದು ಉಳಿದಿರುವ ಸಾಕ್ಷಿ ವರ್ಷಕ್ಕೊಮ್ಮೆಯ ಪರಿಷೆ. ಗೂಳಿ ಮೇಯ್ದದ್ದಕ್ಕಿಂತ ಹೆಚ್ಚು ಹೊಲವನ್ನು ಬಡಾವಣೆ ಮೇಯ್ದಿತಲ್ಲ ಎಂದು ಬಸವನ ಮುಂದೆ ನಿಂತು ಒಂದು ಮಾತು ಹೇಳಿದ್ದರೆ ಕೇಳುವವರು ನಗುತ್ತಿದ್ದರು, ನಕ್ಕು ಯೋಚಿಸುತ್ತಿದ್ದರು. ರಸಭಂಗವೇನೂ ಆಗುತ್ತಿರಲಿಲ್ಲ. ಮಾಧವರಾಯರ ವೃತ್ತದಿಂದ ಸರ್ವೇಯರ್ ಸ್ಟ್ರೀಟಿಗೆ, ಅಲ್ಲಿಂದ ಒಂದು ಕನ್ಸರ್ವೆನ್ಸಿಗೆ, ಅದರ ಆಚೆ ಬಾಯಿಯಿಂದ ಗಾಂಧಿ ಬಜಾರಿಗೆ ದಾರಿ ಹಾಕಿದರೆ ಕಾಲು ಗಂಟೆಯೂ ಹೆಚ್ಚು ಹಿಡಿಯದು. ಮಂಕಿ ಟಾಪಿನ ಚೆಲುವೂ ಕಡಿಮೆಯಾಗದು. ಆ ಹೆಣ್ಣುಮಗಳ ಕಣ್ಣು ಅಷ್ಟು ಚುರುಕಾದದ್ದರಿಂದಲೇ ಈ ಮಾತು ಹೇಳುತ್ತಿದ್ದೇನೆ. ಜಾಣ್ಮೆಯಿಲ್ಲದವರ ಮೇಲೆ ವಿಮರ್ಶೆ ಬರೆಯುವವರಾರು?

ಎರಡು ವಾರದ ಅನಂತರ ಅದೇ ಆರು ಮಂದಿಯೊಡನೆ, ಮಾರ್ಗದರ್ಶಕರಿಲ್ಲದೆ, ಮತ್ತೆ ಹೋದೆ. ಈ ಸಲ ಶುಲ್ಕವಿಲ್ಲ, ಕೇಳುಗ ನಾನು. ಹುಡುಗ ಅಜ್ಜಿಯನ್ನು ಕರೆತರುವೆನೆಂದಿದ್ದ. ಅವರು ಬರಲೊಲ್ಲೆನೆಂದರಂತೆ, “ಆ ಕಡೆ ಏನೈತೆ ನೋಡಾಕೆ” ಎಂದರಂತೆ. ಆದರೆ ರಾತ್ರಿಯೆಲ್ಲ ಮೊಮ್ಮಗನಿಗೆ ದಾರಿ ಹೇಳಿದ್ದರು. ಅವನು ನೋಟುಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದ. ಆ ದಾರಿಯಲ್ಲಿ ಒಂದು ಬೀದಿಯ ಹೆಸರಿಲ್ಲ, ಒಬ್ಬ ಮನೆಯೊಡೆಯನ ಹೆಸರಿಲ್ಲ. ನುಗ್ಗೆಮರದ ಮನೆ. ಕರಿನಾಯಿ ಮನೆ. ಹಸಿರು ಕದದ ಮನೆ. ನೀರು ಹೊಯ್ದು ಕೊಡುವ ಮನೆ. ಸೊಂಟ ಬಗ್ಗಿಸಬೇಕಾದ ಮನೆ. ಮಾತಾಡಿಸುವ ಅಮ್ಮನ ಮನೆ. ಎಲ್ಲ ಮನೆಗಳ ಬೆನ್ನುಗಳು ಮಾತ್ರ. ಯಾವುದು ಯಾವುದೆಂದು ಈಗ ಗೊತ್ತುಹಚ್ಚುವುದಕ್ಕೆ ಆಗಲಿಲ್ಲ. ಹೆಚ್ಚಿನವು ಹೋಗಿವೆ, ಅವುಗಳ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡಗಳು ಓಣಿಯ ಅಂಚಿನವರೆಗೆ ಬಂದು ನಿಂತಿವೆ. ಒಂದು ಹಳೆಯ ಗೋಡೆ ಮಾತ್ರ ಉಳಿದಿತ್ತು. ಅದರ ಬುಡದಲ್ಲಿ, ಮೊಣಕಾಲಿನಷ್ಟು ಎತ್ತರದಲ್ಲಿ, ಒಂದು ಚೌಕವಾದ ಕಿಂಡಿಯನ್ನು ಬೇರೆ ಬಣ್ಣದ ಇಟ್ಟಿಗೆಯಿಂದ ಮುಚ್ಚಿದ ಗುರುತು. ಹುಡುಗ ಕೆಳಗೆ ಕುಳಿತು ಕಿಂಡಿಯ ಅಗಲವನ್ನು ಗೇಣು ಹಾಕಿ ಅಳೆದ, ಒಂದೂವರೆ ಗೇಣು. ನೋಟುಪುಸ್ತಕದಲ್ಲಿ, ಸೊಂಟ ಬಗ್ಗಿಸಬೇಕಾದ ಮನೆ ಎಂದಿದ್ದ ಕಡೆ, ಅದನ್ನು ಬರೆದುಕೊಂಡು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಅಜ್ಜಿಯನ್ನು ಕೇಳಿ ನೋಡುತ್ತೇನೆ ಸಾರ್ ಎಂದ.